ಪಂಕ್ತಿಯಲ್ಲಿ ಬಿಗಿದ ಮಂಡಿ

ಗೆಳೆಯರೇ, ಇವತ್ತು ನಿಟ್ಟೂರಿನ ಮದುವೆಮನೆಯಲ್ಲಿ ನನ್ನಿಂದಾಗಿ ಇಡೀ ಪಂಕ್ತಿ ಏಳಲಾಗದೆ ಕೂತಿತ್ತು.

ನನ್ನ ಸಂಧಿವಾತಕ್ಕೆ ಸಾಗರದ ಡಾಕ್ಟರು ಹೇಳಿದ್ದಿಷ್ಟೇ: ನೆಲದ ಮೇಲೆ ಕೂರಬೇಡಿ, ತಲೆಬಿಸಿ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಹೊರಡುವಾಗ ಹೆಂಡತಿಯೂ ಹೇಳಿದಳು, "ಮಂಡಿ ನೋವು ಅನ್ನಿ, ಊಟಕ್ಕೆ ಬೆಂಚು ಹಾಕಿಕೊಡ್ತಾರೆ."

"ಪಂಕ್ತೀಲಿ ನಾನೊಬ್ನೇ ಎತ್ರದಲ್ಲಿ ಕೂತ್ರೆ ನೋಡಿದೋರು ಎಂತ ಅಂತಾರೆ?" ಎಂದವನು ಅಲ್ಲಿ ಹೋಗಿ ನೆಲದ ಮೇಲೇ ಕೂತೆ.

ಊಟ ಮುಗಿಯಿತು. ಮಂಡಿ ಮಡಚಿದಲ್ಲೇ ಬಿಗಿದುಕೊಂಡಿತ್ತು. ಪಂಕ್ತಿಗೆ ಹಿರಿಯ ನಾನೇ. ನಾನು ಏಳದೆ ಉಳಿದವರು ಏಳುವಂತಿಲ್ಲ. ಎಲ್ಲರ ಎಂಜಲು ಕೈ ಒಣಗತೊಡಗಿತು. ಹೊಸನಗರಕ್ಕಿದ್ದ ಒಂದೇ ಬಸ್ಸು ಹಿಡಿಯಬೇಕಾದವರು ನನ್ನ ಮುಖ ನೋಡಿದರು. ಬಾಗಿಲಲ್ಲಿ ಹಸಿದು ನಿಂತ ಎರಡನೇ ಪಂಕ್ತಿಯವರು ನನ್ನ ಎಲೆ ನೋಡಿದರು. ತಲೆಬಿಸಿ ಏರಿದಷ್ಟೂ ಮಂಡಿ ಬಿಗಿಯಿತು.

ಬಡಿಸುವವನು ಓಡಿ ಬಂದ. "ಮಾವಯ್ಯಂಗೆ ಇನ್ನೂ ಪಾಯಸ ಬೇಕಂತ ಕಾಣ್ತದೆ."

ಬೇಡ ಎಂದರೆ ಏಳಬೇಕು. "ಸ್ವಲ್ಪ ಹಾಕಿ" ಎಂದೆ. ಅದು ಮುಗಿದ ಮೇಲೆ ಮತ್ತೆ ಹಾಕಿಸಿಕೊಂಡೆ. ಕೊನೆಗೆ ಹೊಟ್ಟೆ ಭಾರವಾದವನಂತೆ ನಕ್ಕು, ಪಕ್ಕದವರ ಹೆಗಲು ಹಿಡಿದು ಎದ್ದೆ.

ಈಗ ಹೆಂಡತಿ ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಾಳೆ. "ನೋಡಿದೋರು ಎಂತ ಅಂದ್ರು?" ಎಂದು ಕೇಳಿದಳು.

"ಈ ವಯಸ್ಸಲ್ಲೂ ಪಾಯಸದ ಆಸೆ ಹೋಗಿಲ್ಲ ಅಂದ್ರು."

"ಸದ್ಯ. ಮಂಡಿ ನೋವು ಅಂತ ಯಾರಿಗೂ ಗೊತ್ತಾಗ್ಲಿಲ್ಲ ಅಲ್ದಾ."