ಮೂರು ಮೂಲೆಯ ಚೈನು, ನಮ್ಮ ಚಪ್ಪಟೆ ಚೈನು

ಆಯನೂರಿನ ಬಸ್ಸು ಕೆರೆ ಏರಿಯ ಮೇಲೆ ಬಂದ ಕೂಡಲೇ ಮೊಮ್ಮಕ್ಕಳೇ, ನೀವಿಬ್ಬರೂ ಕಿಟಕಿಗೆ ಮುಖ ಒತ್ತಿ, ನೀರಿನ ನಡುವೆ ನಿಂತಿರುವ ಕಬ್ಬಿಣದ ಕೊಳವೆ ಏನೆಂದು ಕೇಳುತ್ತೀರಿ. ಅದು ಮಣ್ಣು ತಳ್ಳುವ ನಮ್ಮ ಡೋಜರಿನ ಹೊಗೆ ಕೊಳವೆ. ಅದರ ಕೆಳಗೆ ಇಡೀ ಯಂತ್ರ ಇದೆ. ಬಸ್ಸಿನಲ್ಲಿ ನಾಲ್ಕು ಜನರ ಎದುರು ಬಾಯಿ ಬಿಡಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಡೋಜರ್ ನಿಮ್ಮ ಅಜ್ಜನದು. ಹಳೆಯದನ್ನು ಕೊಂಡು, ಭದ್ರಾವತಿಯ ವರ್ಕ್‌ಶಾಪಿನಲ್ಲಿ ರಿಪೇರಿ ಮಾಡಿಸಿ, ಕೈಕಾಲು ಗಟ್ಟಿಯಿದ್ದಷ್ಟು ದಿನ ತಾವೇ ಓಡಿಸಿದರು. ಅವರು ಹೋದ ಮೇಲೆ ನಿಮ್ಮ ಅಪ್ಪ ಓಡಿಸಿದ. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಒಂದು ಯಂತ್ರದಿಂದ.

ಡೋಜರಿಗೆ ಗಾಲಿ ಇಲ್ಲ. ಎರಡೂ ಕಡೆ ಕಬ್ಬಿಣದ ಪಟ್ಟಿ ಜೋಡಿಸಿದ ಚೈನು. ಒಳಗಿನ ಹಲ್ಲಿನ ಚಕ್ರ ತಿರುಗಿದರೆ ಚೈನು ಓಡುತ್ತದೆ, ಯಂತ್ರ ಮುಂದಕ್ಕೆ ಹೋಗುತ್ತದೆ. ಇದನ್ನು ನಿಮ್ಮ ಅಜ್ಜ ನನಗೆ ಹೇಳಿಕೊಟ್ಟದ್ದು ನನ್ನ ಹೊಲಿಗೆ ಮಿಷಿನಿನ ಬೆಲ್ಟು ತೋರಿಸಿ. ನಿನ್ನ ಬೆಲ್ಟು ಬಿಗಿ ಇರಬೇಕು, ನನ್ನ ಚೈನು ಸ್ವಲ್ಪ ಜೋಲಬೇಕು, ಇಲ್ಲದಿದ್ದರೆ ಮಣ್ಣು ಹೊಕ್ಕಾಗ ಬಿಗಿದುಕೊಂಡು ತಾನೇ ಕಳಚಿಕೊಳ್ಳುತ್ತದೆ ಎನ್ನುತ್ತಿದ್ದರು. ನಮ್ಮದರ ಹಲ್ಲಿನ ಚಕ್ರ ಹಿಂದುಗಡೆ, ನೆಲಕ್ಕೆ ಹತ್ತಿರ. ಚೈನು ಉದ್ದಕ್ಕೆ ಮಲಗಿದಂತೆ ಕಾಣುತ್ತದೆ. ಇನ್ನೊಂದು ಜಾತಿಯಲ್ಲಿ ಆ ಚಕ್ರವನ್ನು ಮೇಲಕ್ಕೆ ಎತ್ತಿ ಕೂರಿಸಿರುತ್ತಾರೆ, ಚೈನು ಮೂರು ಮೂಲೆಯಾಗುತ್ತದೆ. ಅದಕ್ಕೆ ಕೆಸರು, ಕಲ್ಲಿನ ಪೆಟ್ಟು ಕಡಿಮೆ. ಆದರೆ ಚೈನು ಉದ್ದ, ಸವೆಯುವ ಭಾಗಗಳೂ ಹೆಚ್ಚು. ನಮ್ಮದು ಸರಳ, ತಗ್ಗಾಗಿ ಗಟ್ಟಿ ಕೂರುತ್ತದೆ. ಒಂದೇ ಕಷ್ಟ, ಸಂಜೆ ಕೆಲಸ ಬಿಡುವ ಮೊದಲು ಚೈನಿನೊಳಗಿನ ಹಸಿ ಮಣ್ಣನ್ನು ಹಾರೆಯಿಂದ ಕೆರೆದು ತೆಗೆಯಲೇಬೇಕು. ನಿಮ್ಮ ಅಜ್ಜ ಅದನ್ನು ಮಾಡದೆ ಊಟಕ್ಕೆ ಬಂದದ್ದು ನಾನು ಕಂಡಿಲ್ಲ.

ಅದು ಮುಳುಗಿದ ಬೇಸಿಗೆಯಲ್ಲಿ ನಿಮ್ಮ ಅಪ್ಪನಿಗೆ ಇದೇ ಕೆರೆಯ ಹೂಳೆತ್ತುವ ಕೆಲಸ ಸಿಕ್ಕಿತ್ತು. ಅಲ್ಲಿಗೆ ಬೇರೆಯವರ ಮೂರು ಮೂಲೆಯ ಡೋಜರೂ ಬಂದಿತ್ತು. ಅದರ ಡ್ರೈವರ್ ನಮ್ಮ ಭದ್ರಾವತಿಯವನೇ, ಬಾಯಿ ಜೋರು. ಒಂದು ದಿನ ನಾನು ಬುತ್ತಿ ಕೊಂಡೊಯ್ದಾಗ ಅವನು ನಿಮ್ಮ ಅಪ್ಪನನ್ನು ಕೆಣಕುತ್ತಿದ್ದ.

"ನಿಮ್ದು ಚಪ್ಪಟೆ ಪಾದ ಮಾರಾಯ. ನಮ್ದು ನೋಡು, ಹೈ ಹೀಲ್ಸು."

"ಹೈ ಹೀಲ್ಸ್ ಹಾಕ್ಕೊಂಡು ಕೆಸರಿಗೆ ಯಾರು ಬರ್ತಾರೋ?" ಎಂದ ನಿಮ್ಮ ಅಪ್ಪ. ನನಗೂ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದೆ.

ಮಾರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆ ದಿನ ನಾವು ಯಂತ್ರ ಓಡಿಸುವುದಿಲ್ಲ. ತೊಳೆದು, ಹೂ ಹಾಕಿ, ಕುಂಬಳಕಾಯಿ ನೀವಾಳಿಸಿ, ಚೈನಿನ ಕೆಳಗೆ ನಿಂಬೆಹಣ್ಣಿಟ್ಟು ಒಂದು ಮಾರು ಮುಂದೆ ಬಿಡುವುದು ಅಷ್ಟೆ. ಹಾಗಾಗಿ ಬುತ್ತಿ ಒಯ್ದ ದಿನದ ಸಂಜೆ ನಿಮ್ಮ ಅಪ್ಪ ಮಣ್ಣು ಕೆರೆಯಲಿಲ್ಲ. ಅಲ್ಲಿಂದ ಹೊರಡುವಾಗ ನಾನು ಮೆಲ್ಲಗೆ ಕೇಳಿದೆ. "ನಾಳೆ ಪೂಜೆಗೆ ಹೆಂಗೂ ತೊಳೀತೀನಲ್ಲಮ್ಮ, ಎರಡು ಸಲ ಯಾಕೆ?" ಎಂದ. ಮಾತು ಸರಿಯಾಗಿಯೇ ಕಂಡಿತು. ಡೋಜರ್ ತಾನು ಅಗೆದ ಗುಂಡಿಯಲ್ಲೇ ನಿಂತಿತ್ತು, ಕೆರೆಯ ಅತಿ ಆಳದ ಜಾಗ.

ಮರುದಿನ ನಾನೂ ನಿಮ್ಮ ಅಮ್ಮನೂ ಭದ್ರಾವತಿಯಿಂದ ಹೊರಟು, ಶಿವಮೊಗ್ಗದಲ್ಲಿ ಇಳಿದು ಹೂವು, ನಿಂಬೆಹಣ್ಣು ಕೊಂಡು ಇನ್ನೊಂದು ಬಸ್ಸು ಹಿಡಿದೆವು. ತಲುಪುವಾಗ ಮಧ್ಯಾಹ್ನ ದಾಟಿತ್ತು. ನೀರಿನ ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ಬಿಸಿಲು ಚೈನಿನೊಳಗಿನ ಜೇಡಿಯನ್ನು ಇಟ್ಟಿಗೆ ಮಾಡಿತ್ತು. ಹಲ್ಲಿನ ಚಕ್ರದ ಹಲ್ಲೇ ಕಾಣುತ್ತಿರಲಿಲ್ಲ. ನಿಮ್ಮ ಅಪ್ಪ ಹಾರೆ ಹಾಕಿದ, ಹಾರೆ ಪುಟಿಯಿತು.

ಆಗ ಪಡುವಣದಲ್ಲಿ ಮೋಡ ಎದ್ದಿತು.

ಇನ್ನೊಂದು ಡೋಜರಿನ ಡ್ರೈವರ್ ತನ್ನ ಸೀಟಿನಿಂದ ಕೂಗಿದ, "ಅಣ್ಣಾ, ಪೂಜೆ ಆಮೇಲೆ. ಮೊದ್ಲು ಮೇಲಕ್ಕೆ ಹತ್ತಿಸು." ತನ್ನ ಯಂತ್ರವನ್ನು ಅವನು ಆಗಲೇ ಚಾಲೂ ಮಾಡಿದ್ದ. ಅದಕ್ಕೂ ಮಣ್ಣು ಮೆತ್ತಿತ್ತು. ಆದರೆ ಅದರ ಹಲ್ಲಿನ ಚಕ್ರ ಮೇಲಿತ್ತಲ್ಲ, ನರಳುತ್ತಾ ಏರಿ ಹತ್ತಿತು.

ಮಳೆ ಶುರುವಾಯಿತು. ನಿಮ್ಮ ಅಪ್ಪ ಡೋಜರ್ ಚಾಲೂ ಮಾಡಿ ಮುಂದೆ ಬಿಟ್ಟ. ಚೈನು ಹೊಲಿಗೆ ಮಿಷಿನಿನ ಬೆಲ್ಟಿನ ಹಾಗೆ ಬಿಗಿದುಕೊಂಡಿತು. ಒಂದು ದೊಡ್ಡ ಶಬ್ದ ಬಂತು. ಎಡಗಡೆಯ ಚೈನು ಕಳಚಿ ಕೆಸರಿಗೆ ಬಿತ್ತು.

ಡ್ರೈವರ್ ಮತ್ತೆ ಏರಿಯ ಬುಡಕ್ಕೆ ಇಳಿದು, ಕಬ್ಬಿಣದ ಹಗ್ಗ ಕಟ್ಟಿ ಎಳೆದ. ಹಗ್ಗ ಹರಿಯಿತು. ಹತ್ತಿರ ಇಳಿದರೆ ತನ್ನದೂ ಹೂತುಹೋಗುತ್ತದೆ, ಯಂತ್ರ ತನ್ನದಲ್ಲ, ಮಾಲೀಕರಿಗೆ ಏನು ಹೇಳಲಿ ಎಂದ. ಅವನ ಕಣ್ಣಲ್ಲಿ ನೀರಿತ್ತೋ ಮಳೆಯೋ ಗೊತ್ತಾಗಲಿಲ್ಲ. ಕಾಲುವೆಯ ಕೆಂಪು ನೀರು ಗುಂಡಿಗೆ ನುಗ್ಗುತ್ತಿತ್ತು. ನಿಮ್ಮ ಅಪ್ಪ ಮಂಡಿಯುದ್ದ ನೀರಿನಲ್ಲಿ ಹಾರೆಯಿಂದ ಮಣ್ಣು ಕುಟ್ಟುತ್ತಲೇ ಇದ್ದ. ಚೈನು ಬಿದ್ದ ಮೇಲೆ ಮಣ್ಣು ತೆಗೆದು ಪ್ರಯೋಜನವಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆರತಿ ಎತ್ತುವವಳು ನಿಮ್ಮ ಅಮ್ಮ. ನಿಮ್ಮ ಅಜ್ಜ ಹೋದ ಮೇಲೆ ಪೂಜೆಗೆ ನಾನು ದೂರ ನಿಲ್ಲುವವಳು. ಇಬ್ಬರೂ ನೆನೆದು ನಿಂತೆವು. ತಟ್ಟೆಯಲ್ಲಿ ಕರ್ಪೂರ ನೀರಿನಲ್ಲಿ ತೇಲಿತು.

"ಮೇಲಕ್ಕೆ ಬಾರೋ" ಎಂದು ಕರೆದೆ. ಅಷ್ಟು ಜನರ ನಡುವೆ ನಾನು ಕೂಗಿದ್ದು ಅದೊಂದೇ ಸಲ. ಅವನು ಹಾರೆಯನ್ನು ಡೋಜರಿನ ಸೀಟಿನ ಮೇಲಿಟ್ಟು, ನಾಳೆ ಕೆಲಸಕ್ಕೆ ಬರುವವನಂತೆ ಮೇಲೆ ಬಂದ.

ಆ ಮಳೆ ಬಿಡಲಿಲ್ಲ. ಮುಂಗಾರೂ ಅದಕ್ಕೆ ಸೇರಿಕೊಂಡು ಕೆರೆ ತುಂಬಿತು.

ಈಗ ನಿಮ್ಮ ಅಪ್ಪ ಆ ಮೂರು ಮೂಲೆಯ ಡೋಜರಿಗೆ ಎರಡನೆಯ ಡ್ರೈವರ್. ದಿನವೂ ಎಲ್ಲರೂ ಹೊರಟ ಮೇಲೂ ಚೈನು ಕೆರೆಯುತ್ತಾ ಕೂರುತ್ತಾನಂತೆ. ಮನೆಗೆ ತಡವಾಗಿ ಬರುವುದು ಅದಕ್ಕೇ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದನ್ನು ಯಾವಾಗ ತೆಗೆಯುತ್ತೀಯೆಂದು ಕೇಳಿದರೆ ನೀರು ಇಳಿಯಲಿ ಎನ್ನುತ್ತಾನೆ.

ಅಮಾವಾಸ್ಯೆ ಬಂದಾಗಲೆಲ್ಲ ನಿಮ್ಮ ಅಮ್ಮ ಅಭ್ಯಾಸಕ್ಕೆ ನಿಂಬೆಹಣ್ಣು ತರುತ್ತಾಳೆ. ತಂದು, ಎಲ್ಲಿಡಲಿ ಅತ್ತೆ ಎಂದು ಕೇಳುತ್ತಾಳೆ. ಅಡುಗೆಮನೆಯ ಗೂಡಿನಲ್ಲೇ ಅವು ಒಣಗುತ್ತವೆ.