ಅಪ್ಪನಿಗೆಂದು ಆರಿಸಿದ ಚಾಕು

ನನ್ನ ಮೊಮ್ಮಗಳು ನರ್ಸ್ ಆದಳು. ಈ ಮಾತನ್ನು ನಿನ್ನೆಯಿಂದ ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ಹಾಲಿನವನಿಗೆ ಹೇಳಿದೆ, ಎದುರು ಮನೆಯವರಿಗೆ ಎರಡು ಸಲ ಹೇಳಿದೆ, ಪಿ.ಜೆ. ಬಡಾವಣೆಗೆ ಕರೆದುಕೊಂಡು ಹೋದ ಆಟೋದವನಿಗೂ ಹೇಳಿದೆ. "ಚಲೋ ಆತು ಬಿಡ್ರಿ ಅಜ್ಜಿ, ಇನ್ನು ಸೂಜಿ ಚುಚ್ಚಾಕ ಹೊರಗಿನವ್ರು ಬೇಕಿಲ್ಲ ನಿಮಗೆ" ಎಂದ. ಈಗ ನಿಮಗೂ ಹೇಳಿದಂತಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮನೆಯಲ್ಲಿ ಬಿಳಿ ಕೋಟು ತೊಟ್ಟು ದೊಡ್ಡಾಸ್ಪತ್ರೆಗೆ ಹೋಗುವ ಹುಡುಗಿ ಹುಟ್ಟಿದ್ದಾಳೆ ಎಂದರೆ ಬಾಯಿ ಸುಮ್ಮನಿರುವುದಾದರೂ ಹೇಗೆ?

ಅವಳಿಗೊಂದು ಉಡುಗೊರೆ ತರಲು ಅಲ್ಲಿನ ಅಂಗಡಿಗೆ ಹೋಗಿದ್ದೆ. ಏನು ತರಬೇಕೆಂದು ನಾನೇ ತೀರ್ಮಾನ ಮಾಡಿಯಾಗಿತ್ತು, ಒಂದು ದೊಡ್ಡ ಗೋಡೆ ಗಡಿಯಾರ. ಅಂಗಡಿಯಾಕೆ ಒಂದೊಂದೇ ಗಡಿಯಾರ ಇಳಿಸಿ ತೋರಿಸುತ್ತಿದ್ದಳು. ನನ್ನ ಕಣ್ಣು ಮಾತ್ರ ಗಾಜಿನ ಪೆಟ್ಟಿಗೆಯೊಳಗೆ ಪೆನ್ನುಗಳ ಪಕ್ಕ ಇಟ್ಟಿದ್ದ ಒಂದು ಮಡಚುವ ಚಾಕುವಿನ ಮೇಲೆ ಹೋಯಿತು. ತೆಗೆಸಿಕೊಂಡು ಕೈಯಲ್ಲಿ ಹಿಡಿದೆ. ಹೊಸ ಕಬ್ಬಿಣ, ಅದಕ್ಕೆ ಸವರಿದ ಎಣ್ಣೆ, ಎರಡೂ ಸೇರಿದ ಒಂದು ವಾಸನೆ ಮೂಗಿಗೆ ಬಂತು. ಹೆಬ್ಬೆರಳಿನ ಉಗುರು ತಾನಾಗಿಯೇ ಅಲಗು ಬಿಚ್ಚುವ ಗೀರಿಗೆ ಹೋಗಿ ಕೂತಿತು.

"ಯಾರಿಗೆ ಅಜ್ಜಿ?" ಎಂದಳು ಅಂಗಡಿಯಾಕೆ.

ನಾನು ಅಲಗನ್ನು ಬಿಚ್ಚಿ, ಮತ್ತೆ ಮುಚ್ಚಿದೆ.

ಹೀಗೆಯೇ ಒಬ್ಬರು ಕೇಳಿದ್ದರು, ಇದೇ ದಾವಣಗೆರೆಯಲ್ಲಿ. ಆಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನನ್ನ ಯಜಮಾನರು ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ಲಿನ ಕೂಗಿಗೆ ಊರು ಎದ್ದು, ಮಿಲ್ಲಿನ ಕೂಗಿಗೆ ಊಟಕ್ಕೆ ಕೂರುತ್ತಿದ್ದ ಕಾಲ ಅದು. ಅವರ ತಲೆಯಲ್ಲಿ, ಹುಬ್ಬಿನಲ್ಲಿ ಸದಾ ಹತ್ತಿಯ ನಾರು. ಮೊದಮೊದಲು ನಾನು, ಪಾಪ, ಇಷ್ಟು ಬೇಗ ನರೆತಿದ್ದಾರಲ್ಲ ಎಂದು ಮನಸ್ಸಿನಲ್ಲೇ ಮರುಗಿದ್ದೆ. ಇರಲಿ, ಹೇಳಬೇಕಾದದ್ದು ನಮ್ಮಪ್ಪನ ವಿಷಯ.

ನಮ್ಮಪ್ಪ ಹರಿಹರದಲ್ಲಿ ಹೊಳೆಯ ಪಕ್ಕದ ಎಲೆತೋಟದಲ್ಲಿ ಕೆಲಸ ಮಾಡುತ್ತಿದ್ದ. ವೀಳ್ಯದೆಲೆಯ ಬಳ್ಳಿ ಕಟ್ಟುವುದು, ಕಟ್ಟಲು ಬಾಳೆಯ ನಾರು ಸೀಳುವುದು, ಹೊಗೆಸೊಪ್ಪು ಕೊಯ್ಯುವುದು, ಎಲ್ಲಕ್ಕೂ ಅವನಿಗೆ ಒಂದೇ ಮಡಚುವ ಚಾಕು. ಎಲೆಯಡಿಕೆಯ ಚೀಲದ ಜೊತೆ ಅದು ಸದಾ ಸೊಂಟದಲ್ಲಿರುತ್ತಿತ್ತು. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಬೆಳೆದ ಸೌತೆಕಾಯಿ ತರುತ್ತಿದ್ದ. ತುದಿ ಕೊಯ್ದು, ಆ ತುಂಡಿನಿಂದಲೇ ತಿಕ್ಕಿ ತಿಕ್ಕಿ ನೊರೆ ಬರಿಸಿ ಕಹಿ ತೆಗೆದು, ಹೋಳನ್ನು ಚಾಕುವಿನ ತುದಿಗೆ ಸಿಕ್ಕಿಸಿ ನಮ್ಮ ಕಡೆ ಚಾಚುತ್ತಿದ್ದ. ಅವ್ವ ಈಳಿಗೆಯಲ್ಲಿ ಹೆಚ್ಚಿದ ಸೌತೆಕಾಯಿಯನ್ನು ಅವನು ಮುಟ್ಟುತ್ತಿರಲಿಲ್ಲ. "ನೀ ಹೆಚ್ಚಿದ್ರ ಕಹಿ ಉಳಿತೈತೆ" ಎನ್ನುತ್ತಿದ್ದ. "ಹಂಗಾರೆ ಮುದ್ದೀನೂ ನೀವೇ ತಿರುವ್ರಿ" ಎನ್ನುತ್ತಿದ್ದಳು ಅವ್ವ.

ನನ್ನ ಮದುವೆಯಾದ ಆರು ತಿಂಗಳಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ತೋಟದ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದವನು ಹಾಗೆಯೇ ಪಕ್ಕಕ್ಕೆ ವಾಲಿ ಬಿದ್ದನಂತೆ. ಜನ ಎತ್ತಿಕೊಂಡು ಬಂದರು. ಎಡಗೈ, ಎಡಗಾಲು ಎರಡೂ ಹೋಗಿದ್ದವು. ಸೊಂಟದ ಚಾಕು ನೀರಿನಲ್ಲಿ ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ಅವ್ವ ಉಕ್ಕಡಗಾತ್ರಿಯ ಗದ್ದಿಗೆಗೆ ಹರಕೆ ಹೊತ್ತಳು, ಅಲ್ಲಿನ ಎಣ್ಣೆ ತಂದು ತಿಕ್ಕಿದಳು. ಕಾಲು ಸ್ವಲ್ಪ ಬಂತು, ಕೈ ಬರಲಿಲ್ಲ. ಮಾತು ನಿಧಾನವಾಗಿ ಬಂತು. ಆದರೆ ಅವನು ಏನನ್ನೂ ಕೇಳುವುದನ್ನು ಬಿಟ್ಟ. ಕೊಟ್ಟರೆ ಉಣ್ಣುತ್ತಿದ್ದ, ಕೊಡದಿದ್ದರೆ ಇಲ್ಲ. ಹೊಗೆಸೊಪ್ಪನ್ನು ಯಾರಾದರೂ ಹರಿದುಕೊಡಲಿ ಎಂದು ಕೂಡ ಬಾಯಿ ಬಿಡುತ್ತಿರಲಿಲ್ಲ. "ಒಂದು ಕೆಲ್ಸನಾದ್ರೂ ತಾನೇ ಮಾಡಿಕೆಂಡ್ರ ಈ ಮನುಷ್ಯ ಬದುಕ್ತಾನ ಕಣವ್ವ" ಎಂದು ಅವ್ವ ನನ್ನ ಮುಂದೆ ಅತ್ತಳು. ಅಲ್ಲೇ ನನಗೆ ಹೊಳೆದದ್ದು, ಅಪ್ಪನಿಗೆ ಚಾಕು ಬೇಕು. ಅಂಥಿಂಥದ್ದಲ್ಲ, ಒಳ್ಳೆಯದೇ ಬೇಕು.

ದಾವಣಗೆರೆಯ ಪೇಟೆಯ ಸಂದಿಯಲ್ಲಿ ಕತ್ತರಿ, ಚಾಕು ಮಾರುವ ಒಬ್ಬ ಮುದಿ ಸಾಬರಿದ್ದರು. ಯಜಮಾನರನ್ನು ಒಂದು ರಜೆಯ ದಿನ ಹೊರಡಿಸಿಕೊಂಡು ಹೋದೆ. ಸಾಬರು ಹತ್ತು ಹನ್ನೆರಡು ಚಾಕುಗಳನ್ನು ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟರು. ಚಾಕು ನೋಡುವುದನ್ನು ನನಗೆ ಕಲಿಸಿದವರೇ ಅವರು. ಮುಚ್ಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರಬೇಕು, ಬದಿಗೆ ಉಜ್ಜಬಾರದು. ಬಿಚ್ಚಿ ಅಲ್ಲಾಡಿಸಿದರೆ ಬುಡ ಕದಲಬಾರದು. ಹಿಡಿ ಕೋಡಿನದಾದರೆ ಬೆವರಿಗೆ ಜಾರುವುದಿಲ್ಲ. ಎಲ್ಲಕ್ಕಿಂತ ಸ್ಪ್ರಿಂಗು ಗಟ್ಟಿಯಿರಬೇಕು.

"ಸಲೀಸಾಗಿ ಬಿಚ್ಚೋ ಚಾಕು ಸಲೀಸಾಗಿ ಬೆರಳ ಮ್ಯಾಲೂ ಮುಚ್ತೈತೆ ತಂಗಿ. ಅಸಲಿ ಮಾಲು ಉಗುರಿಗೆ ಜೋರು ಕೇಳ್ತೈತೆ. ಮುಚ್ಚಿದಾಗ ಟಕ್ ಅನ್ನಬೇಕು, ಮನೇಲಿರೋರಿಗೆಲ್ಲ ಕೇಳ್ಸಬೇಕು" ಎಂದರು.

ನಾನು ಒಂದೊಂದನ್ನೂ ಬಿಚ್ಚಿದೆ, ಮುಚ್ಚಿದೆ, ಬೆಳಕಿಗೆ ಹಿಡಿದೆ. ನನ್ನ ಯಜಮಾನರು ಕಟ್ಟೆಯ ಮೇಲೆ ಕೂತು ಆಕಳಿಸಿದರು. "ನನ್ನ ಒಪ್ಪಿಕೆಳ್ಳಾಕ ಇಷ್ಟೊತ್ತು ಮಾಡಿದ್ದಿಲ್ಲ ನೀನು" ಎಂದರು.

"ಒಂದನ್ನೇ ತೋರಿಸಿದ್ರು. ಹತ್ತು ತೋರಿಸಿದ್ರ ನೋಡ್ತಿದ್ದೆ" ಎಂದೆ. ಸಾಬರು ಗಡ್ಡದೊಳಗೇ ನಕ್ಕರು.

ಆಮೇಲೆ ಅವರು ಕೇಳಿದರು, "ಯಾರಿಗೆ ತಂಗಿ?"

"ನಮ್ಮಪ್ಪಗ."

"ಏನು ಕೆಲ್ಸ ಮಾಡ್ತಾರೆ?"

"ಎಲೆತೋಟದಾಗ" ಎಂದೆ. ಎಷ್ಟು ಎದೆಯುಬ್ಬಿಸಿ ಹೇಳಿದೆ ಎಂದರೆ, ಹೊಳೆಯ ಪಕ್ಕದ ತೋಟಗಳೆಲ್ಲ ನಮ್ಮಪ್ಪನವೇ ಎಂದು ಅವರು ತಿಳಿದಿರಬೇಕು. ಯಜಮಾನರು ನನ್ನ ಮುಖ ನೋಡಿದರು. ಅಪ್ಪ ಮಲಗಿದ್ದಾನೆ, ಒಂದೇ ಕೈ ಇದೆ ಎಂದು ಹೇಳಿದ್ದರೆ ಸಾಬರು ಆ ಚಾಕುಗಳನ್ನೆಲ್ಲ ತೆಗೆದಿಟ್ಟು ಮಡಚದ ಒಂದು ಸಾದಾ ಚೂರಿ ಕೊಡುತ್ತಿದ್ದರು. ನಾನು ಹೇಳಲಿಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಗಟ್ಟಿ ಸ್ಪ್ರಿಂಗಿನದನ್ನು ಆರಿಸಿದೆ.

ಮರುವಾರ ರೈಲಿನಲ್ಲಿ ಹರಿಹರಕ್ಕೆ ಹೋದೆವು. ನಿಮಗೂ ಗೊತ್ತು, ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ. ಅದಕ್ಕೇ ಅಪ್ಪನ ಚಾಪೆಯ ಪಕ್ಕ ನೆಲದ ಮೇಲಿಟ್ಟೆ. ಅವನು ಬಲಗೈಯಲ್ಲಿ ಎತ್ತಿಕೊಂಡ. ಕೋಡಿನ ಹಿಡಿ ಸವರಿದ. ಎಷ್ಟೋ ತಿಂಗಳ ಮೇಲೆ ಅವನ ಮುಖ ಅರಳಿದ್ದು ಅವತ್ತು. ಉಗುರನ್ನು ಗೀರಿಗೆ ಇಟ್ಟು ಎಳೆಯಲು ಹೋದ.

ಹಿಡಿಯನ್ನು ಹಿಡಿದುಕೊಳ್ಳುವ ಇನ್ನೊಂದು ಕೈ ಇರಲಿಲ್ಲ.

ಎದೆಗೆ ಒತ್ತಿಕೊಂಡು ನೋಡಿದ. ಜಾರಿತು. ಮೊಣಕಾಲ ಸಂದಿಗೆ ಸಿಕ್ಕಿಸಿ ನೋಡಿದ. ಹಲ್ಲಿನಿಂದ ಕಚ್ಚಿದ. ಯಜಮಾನರು ನೀರು ಕುಡಿಯುವ ನೆಪ ಮಾಡಿ ಹೊರಗೆ ಎದ್ದುಹೋದರು. ಅವ್ವ, "ಕೊಡ್ರಿ ಇಲ್ಲಿ, ನಾ ಬಿಚ್ತೀನಿ" ಎಂದಳು. ಅಪ್ಪ "ಬ್ಯಾಡ" ಎಂದ. ಇನ್ನೊಮ್ಮೆ ಎಳೆದು ನೋಡಿ, ಚಾಕುವನ್ನು ನೆಲದ ಮೇಲಿಟ್ಟು ನನ್ನ ಕಡೆ ಸರಿಸಿದ.

"ಚಲೋದು ತಂದೀ ಅವ್ವಾ. ಸ್ಪ್ರಿಂಗು ಭಾಳ ಗಟ್ಟಿ ಐತೆ."

ನಾನು ಬಿಚ್ಚಿ ಮತ್ತೆ ನೆಲದ ಮೇಲಿಟ್ಟೆ. "ಇನ್ನ ಮುಚ್ಚಬ್ಯಾಡ್ರಿ" ಎಂದ, ಅಷ್ಟೇ. ಅವತ್ತಿನಿಂದ ಆ ಮಡಚುವ ಚಾಕು ಮಡಚಲಿಲ್ಲ. ಚಾಪೆಯ ಪಕ್ಕದ ಕಂಬಕ್ಕೆ ಅದನ್ನು ಚುಚ್ಚಿ ನಿಲ್ಲಿಸಿಕೊಂಡಿದ್ದ. ಹೊಗೆಸೊಪ್ಪನ್ನು ಹಲಗೆಯ ಮೇಲಿಟ್ಟು ತಾನೇ ಕೊಯ್ದುಕೊಳ್ಳುತ್ತಿದ್ದ. ಅಷ್ಟಕ್ಕೇ ಅವನು ಮತ್ತೆ ಬೇಕು ಬೇಡ ಎಂದು ಬಾಯಿಬಿಡತೊಡಗಿದ. ನೋಡಿ, ನಾನು ತಪ್ಪು ಮಾಡಿಯೂ ತಪ್ಪಿಸಿಕೊಂಡೆ ಎಂದುಕೊಂಡೆ.

ಬೇಸಿಗೆಗೆ ಹೋದಾಗ ಅಪ್ಪ ನನಗಾಗಿ ಸೌತೆಕಾಯಿ ತರಿಸಿಟ್ಟಿದ್ದ. "ಕೂಡು, ನಾ ಹೆಚ್ತೀನಿ" ಎಂದ. ಸತ್ತ ಎಡಗೈಯನ್ನು ಬಲಗೈಯಿಂದ ಎತ್ತಿ ಸೌತೆಕಾಯಿಯ ಮೇಲೆ ಭಾರಕ್ಕೆಂದು ಇಟ್ಟ. ಮೈಯೆಲ್ಲ ಬಗ್ಗಿಸಿ ಕೊಯ್ದ. ಮೊದಲಿನಂತೆಯೇ ಹೋಳನ್ನು ತುದಿಗೆ ಸಿಕ್ಕಿಸಿ ನನ್ನ ಕಡೆ ಚಾಚಿದ. ಹೋಳಿನ ಅಂಚಿನಲ್ಲಿ ಕೆಂಪು ಗೆರೆಯಿತ್ತು. ಎಡಗೈಯ ಎರಡು ಬೆರಳಿಗೆ ಅಲಗು ತಗುಲಿ ಹಲಗೆಯ ಮೇಲೆ ರಕ್ತ ಹರಿಯುತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ನನ್ನ ಮುಖ ನೋಡುತ್ತಿದ್ದ, ಹೇಗಿದೆ ಎಂದು ನಾನು ಹೇಳಲಿ ಎಂದು.

ನಾನು ತಿಂದೆ. "ಕಹಿ ಇಲ್ಲಪ್ಪಾ" ಎಂದೆ.

ಅಷ್ಟರಲ್ಲಿ ಒಳಗಿನಿಂದ ಬಂದ ಅವ್ವ ನೋಡಿ ಕೂಗಿಕೊಂಡಳು. ಅಪ್ಪ ತನ್ನ ಕೈಯನ್ನು ತಾನು ನೋಡಿದ, ಬೇರೆ ಯಾರದೋ ಕೈ ಎಂಬಂತೆ. "ನೋವೇ ಇಲ್ಲ ನೋಡವ್ವಾ" ಎಂದು ನಗಲು ಹೋದ. ಅವ್ವ ಬಟ್ಟೆ ಸುತ್ತಿದಳು. ಆಮೇಲೆ ಚಾಕುವನ್ನು ಎತ್ತಿಕೊಂಡು ಮುಚ್ಚಿದಳು. ಟಕ್ ಎಂದಿತು. ಸಾಬರು ಹೇಳಿದ ಹಾಗೆಯೇ ಮನೆಗೆಲ್ಲ ಕೇಳಿಸಿತು. ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ.

ಅವ್ವ ಅದನ್ನು ಟ್ರಂಕಿನಲ್ಲಿಟ್ಟಳು. ಅವಳದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಆದರೆ ತಂದುಕೊಟ್ಟವಳು ನಾನು. ಬಿಚ್ಚಿ ಮತ್ತೆ ಅವನ ಪಕ್ಕ ಇಡಬಹುದಿತ್ತು, ಕೈಗೊಂದು ದಪ್ಪ ಬಟ್ಟೆ ಸುತ್ತಬಹುದಿತ್ತು. ಕೊನೇಪಕ್ಷ, "ಅಪ್ಪಾ, ಏನು ಮಾಡಲಿ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವನೂ ಕೇಳಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟ. ಅಷ್ಟು ದಿನವೂ ಹೊಗೆಸೊಪ್ಪನ್ನು ಅವ್ವನೇ ಹರಿದುಕೊಟ್ಟಳಂತೆ, ಕೊಟ್ಟಾಗ ಹಾಕಿಕೊಂಡನಂತೆ.

ಅಂಗಡಿಯಾಕೆ ಇನ್ನೂ ನಿಂತಿದ್ದಳು. ಚಾಕುವನ್ನು ಗಾಜಿನ ಮೇಲಿಟ್ಟು, "ಯಾರಿಗೂ ಅಲ್ಲವ್ವ" ಎಂದೆ. ಗಡಿಯಾರವನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ.

ಮೊಮ್ಮಗಳು ಊಟ ಮಾಡಿ ಕೈ ಒರೆಸಿಕೊಳ್ಳುತ್ತಿದ್ದಳು. ಕೇಳುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ, ಆದರೂ ಕೇಳಿದೆ. "ನಿನಗೇನು ಬೇಕವ್ವಾ, ನನ್ನ ಕಡೆಯಿಂದ?"

ಏನೂ ಬೇಡ ಎಂದಳು ಮೊದಲು. ನಾನು ಬಿಡಲಿಲ್ಲ, ಇನ್ನೊಂದು ಸಲ ಕೇಳಿದೆ. ಆಗ ಮೆಲ್ಲಗೆ ಹೇಳಿದಳು. "ಮೆತ್ತನೆ ಚಪ್ಪಲಿ ಕೊಡ್ಸಜ್ಜಿ. ಕಲಿಯಾಕ ಹೋದಾಗಿಂದ ವಾರ್ಡಿನಾಗ ದಿನಾ ನಿಂತು ನಿಂತು ಹಿಮ್ಮಡಿ ಸೀಳ್ತೈತೆ. ಮನೇಲಿ ಯಾರಿಗೂ ಹೇಳಿಲ್ಲ ನಾನು."

ಇಪ್ಪತ್ತೆರಡು ವರ್ಷ ಎತ್ತಿ ಆಡಿಸಿ ಬೆಳೆಸಿದ ಹುಡುಗಿಯ ಕಾಲಿನ ಅಳತೆ ನನಗೆ ಗೊತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ನೆಲಕ್ಕೆ ಹಾಸಿ ಅದರ ಮೇಲೆ ನಿಲ್ಲಿಸಿದೆ. ಮೊಣಕಾಲೂರಿ ಕೂತು ಹಿಮ್ಮಡಿಯಿಂದ ಪೆನ್ಸಿಲು ಎಳೆಯುತ್ತ ಬಂದೆ. ಬೆರಳ ಸಂದಿಗೆ ಬಂದಾಗ ಅವಳಿಗೆ ಕಚಗುಳಿಯಾಗಿ ಕಾಲು ಎಳೆದುಕೊಂಡಳು, ನಕ್ಕಳು.

"ಅಲ್ಲಾಡಬ್ಯಾಡ" ಎಂದೆ. "ಎಲ್ಲಿ ನೋಯ್ತೈತೆ ಹೇಳು, ಅಲ್ಲಿ ಗುರ್ತು ಹಾಕ್ತೀನಿ."