ಬಾದಿಜೇ ಮನೆತನದ ವಲಸೆ

ನಾನು ಫ್ರೆಂಚ್ ವಂಶದವನು ಎಂಬ ಸಂಗತಿ ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಗದಗಿನವನೆಂದು ನಂಬಿಕೊಂಡು ಹಾಯಾಗಿದ್ದೆ.

ಇದೆಲ್ಲ ಅಡ್ಡಹೆಸರಿನ ಕಿತಾಪತಿ. ನಮ್ಮ ಕಡೆ ಅಡ್ಡಹೆಸರೆಂದರೆ ಅರ್ಧ ಸಂತೆ. ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಲ್ಲರೂ ನನ್ನ ತರಗತಿಯಲ್ಲೇ ಇದ್ದರು. ಹಾಜರಿ ಕರೆದರೆ ಒಂದು ಹೊತ್ತಿನ ಅಡುಗೆಗಾಗುವಷ್ಟು ಸಾಮಾನು ಎದ್ದು ನಿಲ್ಲುತ್ತಿತ್ತು. ನಾನು ಬಡಿಗೇರ. ಮರಗೆಲಸದವರ ಮನೆಯವನು ಎಂದು ಅರ್ಥ, ಮುಗಿಯಿತು. ಆದರೆ ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಲಂಡನ್ನಿನ ಆಸ್ಪತ್ರೆಯ ಬಾಗಿಲಿಗೆ ಅಂಟಿಸಿದ್ದೇ ತಡ, ಅದಕ್ಕೆ ಬೇರೆಯದೇ ಗತ್ತು ಬಂತು. ಜನ ಕೊನೆಯ ರಕಾರವನ್ನು ನುಂಗಿ, ಗಕಾರವನ್ನು ಜಕಾರ ಮಾಡಿ, ತುಟಿ ಮುಂದೆ ಚಾಚಿ ‘ಬಾದಿಜೇ’ ಎನ್ನತೊಡಗಿದರು. ಈ ದೇಶದಲ್ಲಿ ಸರ್ಜನ್‌ಗಳನ್ನು ಡಾಕ್ಟರ್ ಎನ್ನುವುದಿಲ್ಲ, ಮಿಸ್ಟರ್ ಎನ್ನುತ್ತಾರೆ. ಹೀಗಾಗಿ ಓದಿ ಗಳಿಸಿದ ಡಾಕ್ಟರೂ ಹೋಗಿ, ಹುಟ್ಟಿನಿಂದ ಬಂದ ಬಡಿಗೇರನೂ ಹೋಗಿ, ನಾನು ಮಿಸ್ಟರ್ ಬಾದಿಜೇ ಆಗಿ ಉಳಿದೆ. ತಿದ್ದಲು ಹೋಗಲಿಲ್ಲ. ಒಬ್ಬೊಬ್ಬರಿಗೂ ತಿದ್ದುತ್ತ ಕೂತರೆ ಹೊರಗೆ ಕಾಯುವ ರೋಗಿಗಳ ಗತಿಯೇನು?

ಹಾಗೆ ಕಾಯುತ್ತಿದ್ದವರಲ್ಲಿ ಮಿಸ್ ಕಾರ್ಪೆಂಟರ್ ಒಬ್ಬರು. ಎಂಬತ್ತು ದಾಟಿದವರು, ಮದುವೆಯಾಗದವರು. ಸೊಂಟದ ಕೀಲು ಸವೆದು, ಹಾಸಿಗೆಯಿಂದ ಕಿಟಕಿಯವರೆಗೆ ಹೋಗುವುದೂ ಅವರಿಗೆ ಕಾಶಿಯಾತ್ರೆಯಾಗಿತ್ತು. ನಾನು ಮೂಳೆ ಸರ್ಜನ್. ವರ್ಷಕ್ಕೂ ಮಿಕ್ಕಿ ಸರದಿಯಲ್ಲಿ ಕಾದು ಕೀಲು ಬದಲಿಸಿಕೊಳ್ಳಲು ನನ್ನ ಬಳಿ ಬಂದಿದ್ದರು. ಬಂದವರು ಸೊಂಟದ ಮಾತೇ ಎತ್ತದೆ, ಬಾಗಿಲಿನ ಹೆಸರನ್ನು ತೋರಿಸಿ, “ನೀವೂ ನಮ್ಮವರೇ!” ಎಂದರು.

ಅವರ ಹಿರಿಯರು ಹ್ಯೂಗೆನಾಟರಂತೆ. ಅಂದರೆ, ಧರ್ಮದ ಜಗಳದಲ್ಲಿ ಫ್ರಾನ್ಸಿನ ಅರಸನಿಗೆ ಬೇಡವಾಗಿ, ಸಮುದ್ರ ದಾಟಿ ಲಂಡನ್ನಿಗೆ ಓಡಿಬಂದ ಪ್ರಾಟೆಸ್ಟಂಟರು. ಇಲ್ಲಿ ರೇಷ್ಮೆ ನೇಯ್ದರು, ಗಡಿಯಾರ ಮಾಡಿದರು, ನಿಧಾನಕ್ಕೆ ಹೆಸರುಗಳನ್ನೂ ಇಂಗ್ಲಿಷಿಗೆ ತಿರುಗಿಸಿಕೊಂಡರು. ಲೆಬ್ಲಾಂ ಎಂಬ ಬಿಳಿಯಪ್ಪ ವೈಟ್ ಆದ. ರೊಟ್ಟಿ ಸುಡುವ ಬುಲಾಂಜೇ ಬೇಕರ್ ಆದ. ಇವರ ಶಾರ್ಪಾಂತಿಯೇ ಮನೆತನ ಕಾರ್ಪೆಂಟರ್ ಆಯಿತು. “ಬುಲಾಂಜೇ ಇದ್ದಮೇಲೆ ಬಾದಿಜೇ ಇರಬಾರದೇ?” ಎಂದು ಅವರು ಕೇಳಿದಾಗ ವ್ಯಾಕರಣದ ದೃಷ್ಟಿಯಿಂದ ವಾದ ಸರಿಯಾಗಿಯೇ ಇತ್ತು.

ನಮ್ಮೂರು ಗದಗ ಎಂದೆ. ದಕ್ಷಿಣ ಫ್ರಾನ್ಸಿನ ಹಳ್ಳಿಗಳಿಗೆಲ್ಲ ಅಂಥವೇ ಹೆಸರು ಎಂದರು. ಮುಂಗೈ ಚಾಚಿ ಮೈಬಣ್ಣ ತೋರಿಸಿದೆ. ಅದಕ್ಕೂ ಅವರಲ್ಲಿ ಇತಿಹಾಸವಿತ್ತು. “ನಿಮ್ಮವರು ತಪ್ಪು ಹಡಗು ಹತ್ತಿದ್ದಾರೆ. ಪಾಂಡಿಚೇರಿಯಲ್ಲಿ ಇಳಿದು ಒಳನಾಡಿಗೆ ನಡೆದಿದ್ದಾರೆ. ಬಿಸಿಲು ಜಾಸ್ತಿ ಅಲ್ಲವೇ?” ಕಡೆಗೆ, ಇದರಿಂದಾದರೂ ಮುಗಿಯಲಿ ಎಂದು, ಬಡಿಗೇರ ಎಂದರೆ ನಮ್ಮ ಭಾಷೆಯಲ್ಲಿ ಕಾರ್ಪೆಂಟರ್ ಎಂದುಬಿಟ್ಟೆ. ಅದೇ ಎಡವಟ್ಟಾದದ್ದು. ಅವರು ನನ್ನ ಎರಡೂ ಕೈ ಹಿಡಿದುಕೊಂಡು “ಕಸಿನ್!” ಎಂದರು. ಕಣ್ಣು ತುಂಬಿತ್ತು. ಆ ಮನೆತನದ ಹೆಸರು ಹೊತ್ತವರು ಅವರ ಹೊರತು ಯಾರೂ ಉಳಿದಿರಲಿಲ್ಲ.

ರೇನರ್ಸ್ ಲೇನ್‌ನ ನಮ್ಮ ಮನೆಯಲ್ಲಿ ಸುದ್ದಿ ಮುಟ್ಟಿಸಿದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಅಲ್ರೀ, ನೀವು ಫ್ರಾನ್ಸಿನವ್ರು ಅಂತ ಮೊದಲ ಗೊತ್ತಿದ್ರ ನಮ್ಮಪ್ಪ ಹೆಣ್ಣ ಕೊಡತಿದ್ದಿಲ್ಲ ನೋಡ್ರಿ. ಕೈ ತೊಳಕೊಂಡು ಊಟಕ್ಕ ಬರ್ರಿ,” ಎಂದಳು. ಮಗಳು ಮಾತ್ರ ಫೋನಿನಿಂದ ತಲೆಯೆತ್ತಿ, “ಡ್ಯಾಡ್, ಬ್ರಿಲಿಯಂಟ್! ಯುರೋಪಿಯನ್ ಪಾಸ್‌ಪೋರ್ಟ್?” ಎಂದು ಕೇಳಿದಳು. ಮನೆಯಲ್ಲಿ ಇಷ್ಟು ಮರ್ಯಾದೆ ಸಿಕ್ಕಿ ಬಹಳ ದಿನವಾಗಿತ್ತು.

ಫಜೀತಿ ಶುರುವಾದದ್ದು ಮುಂದಿನ ವಾರ. ಮಿಸ್ ಕಾರ್ಪೆಂಟರ್ ಕಂಡಕಂಡವರಿಗೆಲ್ಲ ‘ನನ್ನ ಕಸಿನ್ನೇ ಆಪರೇಷನ್ ಮಾಡುವುದು’ ಎಂದು ಹೇಳಿಕೊಂಡು ಬಂದಿದ್ದರು. ಸರ್ಜನ್ ಆದವನು ಸ್ವಂತ ಬಂಧುಗಳ ಮೈಗೆ ಕತ್ತಿ ಹಾಕಬಾರದೆಂಬುದು ನಮ್ಮಲ್ಲಿ ಪಾಲಿಸಿಕೊಂಡು ಬಂದ ರೂಢಿ. ವಾರ್ಡಿನ ಸಿಸ್ಟರ್ ಫ್ಲೋರಿನ್, ಉಡುಪಿ ಕಡೆಯ ಕೊಂಕಣಿ ಮನೆಯವರು, ನನ್ನನ್ನು ಪಕ್ಕಕ್ಕೆ ಕರೆದರು.

“ಡಾಕ್ಟ್ರೇ, ಬಡಿಗೇರ ಅಂದ್ರೆ ಎಂತದು ಅಂತ ನನಗೆ ಗೊತ್ತುಂಟು. ಆದ್ರೆ ಪೇಷಂಟೇ ಸಂಬಂಧ ಉಂಟು ಅಂತ ಹೇಳುವಾಗ ನಾನು ಇಲ್ಲ ಅನ್ನುದು ಹೇಗೆ ಮಾರಾಯ್ರೇ? ಅವರನ್ನು ಬೇರೆ ಸರ್ಜನ್‌ಗೆ ಕೊಡ್ಬೇಕಾಗ್ತದೆ.”

ಬೇರೆ ಸರ್ಜನ್ ಎಂದರೆ ಸರದಿ ಮತ್ತೆ ಮೊದಲಿನಿಂದ. ಇನ್ನೊಂದು ಚಳಿಗಾಲವನ್ನು ಆ ಸೊಂಟ ಕಾಣುವಂತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೀಗಾಗಿ, ನಾನು ಫ್ರೆಂಚನಲ್ಲ ಎಂದು ಸಾಬೀತುಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇದು ಎಂಥ ಕಷ್ಟವೆಂದು ಪ್ರಯತ್ನಿಸಿದವರಿಗೇ ಗೊತ್ತು. ಅವರು ತಪಾಸಣೆಗೆ ಬಂದ ದಿನ ಜೋಳದ ರೊಟ್ಟಿ ಒಯ್ದು ತೋರಿಸಿದೆ. ಅವರು ತಿಂದು, ಫ್ರಾನ್ಸಿನ ಹಳ್ಳಿಗಳಲ್ಲಿ ಇದಕ್ಕೆ ಗ್ಯಾಲೆಟ್ ಎನ್ನುತ್ತಾರೆ ಎಂದರು. ಅಜ್ಜನ ಫೋಟೋ ತೋರಿಸಿದೆ; ಮೀಸೆ ಥೇಟ್ ತಮ್ಮ ಚಿಕ್ಕಪ್ಪನದೇ ಎಂದರು. ಕೊನೆಗೆ ಸಿಟ್ಟು ಬಂದು, “ಮೇಡಂ, ನಿಮಗೆ ಕಸಿನ್ ಬೇಕೋ ಸೊಂಟ ಬೇಕೋ?” ಎಂದು ಕೇಳಿಯೇಬಿಟ್ಟೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಪರೇಷನ್ನಿನ ಬೆಳಿಗ್ಗೆ ಸಿಸ್ಟರ್ ಫ್ಲೋರಿನ್ ನನ್ನೆದುರಿಗೇ ಮುದುಕಿಯನ್ನು ನೇರವಾಗಿ ಕೇಳಿದರು: “ಇವರು ನಿಮಗೆ ಸಂಬಂಧವಾ?”

ಮಿಸ್ ಕಾರ್ಪೆಂಟರ್ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದರು. “ಇವರಾ? ಈ ಮನುಷ್ಯ ಯಾರೆಂದೇ ನನಗೆ ಗೊತ್ತಿಲ್ಲ,” ಎಂದರು.

ಗೆದ್ದೆ ಎಂದು ಕುಣಿಯಬೇಕಾಗಿತ್ತು. ಬದಲಿಗೆ ಎದೆಯಲ್ಲಿ ಚುರುಕ್ ಎಂದಿತು. ವಾರಗಟ್ಟಲೆ ಯಾವುದನ್ನು ಕಳಚಿಕೊಳ್ಳಲು ಒದ್ದಾಡಿದ್ದೆನೋ ಅದನ್ನು ಬೇರೊಬ್ಬರು ಕಿತ್ತುಕೊಂಡರೆ ಇಷ್ಟು ನೋಯುತ್ತದೆಂದು ತಿಳಿದಿರಲಿಲ್ಲ. ಆ ಕ್ಷಣಕ್ಕೆ ನಾನೊಬ್ಬ ಫ್ರೆಂಚ್ ಅನಾಥ.

ಸಿಸ್ಟರ್ ಅತ್ತ ಹೋದ ಮೇಲೆ ಮುದುಕಿ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. “ಮುಖ ಯಾಕೆ ಹಾಗೆ? ಶಾರ್ಪಾಂತಿಯೇ ಅನ್ನೋ ಹೆಸರನ್ನ ನಮ್ಮವರು ಸಂತೋಷದಿಂದ ಬಿಟ್ಟರು ಅಂದುಕೊಂಡೆಯಾ? ಜೀವ ಉಳೀಲಿ ಅಂತ ನಮ್ಮವರನ್ನೇ ನಮ್ಮವರಲ್ಲ ಅನ್ನೋದು ನಮ್ಮ ಮನೆತನದ ಹಳೇ ರೂಢಿ,” ಎಂದು ಪಿಸುಗುಟ್ಟಿದರು.

ಒಳಗೆ ಹೋಗಿ ಕೈ ತೊಳೆದುಕೊಂಡೆ. ಸುತ್ತಿಗೆ, ಗರಗಸ ಎಲ್ಲ ಎಂದಿನವೇ. ಆದರೆ ಅಂದು ಪ್ರತಿ ಏಟಿಗೂ ಎರಡೆರಡು ಸಲ ಕಣ್ಣಳತೆ ನೋಡಿದೆ. ಎಷ್ಟೆಂದರೂ ಮನೆಯವರ ಕೆಲಸ.